ಲೋಹಚೂರ್ಣದ ಒತ್ತುಯಂತ್ರದಲ್ಲಿ ಅಚ್ಚಿನ ರೂಪವಿಕಾರ ಮತ್ತು ಅದರ ನಿವಾರಣೆ

ಕರಗಿಸಿ ಎರಕ ಹೊಯ್ಯುವುದು, ಕಾಯಿಸಿ ಬಡಿಯುವುದು, ಕಡೆದು ಕೆತ್ತುವುದು: ಲೋಹಕ್ಕೆ ಆಕಾರ ಕೊಡುವ ಈ ಮೂರು ಮಾರ್ಗಗಳು ಎಲ್ಲರಿಗೂ ಪರಿಚಿತವಾದವು. ಇವಕ್ಕಿಂತ ಭಿನ್ನವಾದ ನಾಲ್ಕನೆಯ ಮಾರ್ಗವೊಂದುಂಟು. ಲೋಹದ ಪುಡಿಯನ್ನು ಅಚ್ಚಿನಲ್ಲಿ ತುಂಬಿ, ಬಲವಾಗಿ ಒತ್ತಿ, ಬಳಿಕ ಅದು ಕರಗದಷ್ಟು ಉಷ್ಣತೆಯಲ್ಲಿ ಕುಲುಮೆಯೊಳಗೆ ಕಾಯಿಸಿ ಗಟ್ಟಿಗೊಳಿಸುವುದೇ ಆ ಮಾರ್ಗ. ಪ್ಲಾಟಿನಂ ಲೋಹವನ್ನು ಈ ರೀತಿಯಲ್ಲಿ ಹದಗೊಳಿಸಿದ ಕ್ರಮವನ್ನು ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ವಿವರಿಸಿದ ಪ್ರಬಂಧವು 1829ರಲ್ಲಿ ಪ್ರಕಟವಾಯಿತು. ಇಂದು ವಾಹನಗಳ ಬುಷ್‌ಗಳು, ಎಣ್ಣೆ ಪಂಪಿನ ಹಲ್ಲುಗಾಲಿಗಳು ಮೊದಲಾದ ಅಸಂಖ್ಯ ಬಿಡಿಭಾಗಗಳು ಹೀಗೆಯೇ ಸಿದ್ಧವಾಗುತ್ತವೆ.

ಈ ಕಾರ್ಯಕ್ಕೆ ಬಳಸುವ ಹೈಡ್ರಾಲಿಕ್ ಪ್ರೆಸ್ಸಿನ ಮೂಲತತ್ತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಮುಚ್ಚಿದ ಪಾತ್ರೆಯಲ್ಲಿರುವ ದ್ರವವು ತನ್ನ ಮೇಲಿನ ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವೇ ಅದು. ಈ ನಿಯಮವನ್ನು ಆಧರಿಸಿ ಜೋಸೆಫ್ ಬ್ರಾಮಾ 1795ರಲ್ಲಿ ತನ್ನ ಪ್ರೆಸ್ಸಿಗೆ ಪೇಟೆಂಟ್ ಪಡೆದನು. ಆದರೆ ಸಿಲಿಂಡರಿನೊಳಗಿನ ಎಣ್ಣೆಗೆ ಅನ್ವಯಿಸುವ ಈ ನಿಯಮವು ಅಚ್ಚಿನೊಳಗಿನ ಪುಡಿಗೆ ಅನ್ವಯಿಸುವುದಿಲ್ಲ. ಕಣಜದಲ್ಲಿ ತುಂಬಿದ ಜೋಳವು ತನ್ನ ಭಾರದ ಒಂದಂಶವನ್ನು ಗೋಡೆಗೆ ಒರಗಿಸುವಂತೆ, ಲೋಹದ ಪುಡಿಯೂ ಅಚ್ಚಿನ ಗೋಡೆಯನ್ನು ಉಜ್ಜುತ್ತ ಒತ್ತಡದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಿಲ್ಲೆಯ ಎಲ್ಲ ಕಡೆಗೂ ಸಾಂದ್ರತೆ ಒಂದೇ ಇರುವುದಿಲ್ಲ. ಅಚ್ಚಿನ ಎಲ್ಲ ಅಂಗಗಳ ಮೇಲೂ ಭಾರ ಒಂದೇ ಬೀಳುವುದಿಲ್ಲ.

ಉಕ್ಕು ಎಷ್ಟು ಕುಗ್ಗುತ್ತದೆ?

ಉಕ್ಕು ಬಗ್ಗದು, ಕುಗ್ಗದು ಎಂಬುದು ಸಾಮಾನ್ಯ ಭಾವನೆ. ವಾಸ್ತವದಲ್ಲಿ ಭಾರ ಬಿದ್ದಾಗ ಕುಗ್ಗದ ವಸ್ತುವೇ ಇಲ್ಲ. ಕಬ್ಬಿಣದ ಪುಡಿಯನ್ನು ಒತ್ತಲು ಸಾಧಾರಣವಾಗಿ 400ರಿಂದ 700 ಮೆಗಾಪ್ಯಾಸ್ಕಲ್ ಒತ್ತಡ ಬೇಕಾಗುತ್ತದೆ. ಉಕ್ಕಿನ ಸ್ಥಿತಿಸ್ಥಾಪಕತೆಯ ಗುಣಾಂಕವು ಸುಮಾರು 2,10,000 ಮೆಗಾಪ್ಯಾಸ್ಕಲ್. ಎರಡು ಮಟ್ಟಗಳುಳ್ಳ ಅಂಚುಬುಷ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಚಿನ ಭಾಗವನ್ನು ಕೊಳವೆಯಾಕಾರದ ಹೊರ ಪಂಚ್ ಹೊರುತ್ತದೆ; ಅದರ ಉದ್ದ 180 ಮಿ.ಮೀ. ನಡುಭಾಗವನ್ನು ಅದರೊಳಗೆ ಜಾರುವ ಒಳ ಪಂಚ್ ಹೊರುತ್ತದೆ. ಅದರ ಉದ್ದ 300 ಮಿ.ಮೀ. ಎರಡರ ಮೇಲೂ 500 ಮೆಗಾಪ್ಯಾಸ್ಕಲ್ ಒತ್ತಡ ಬಿದ್ದರೆ ಹೊರ ಪಂಚ್ 0.43 ಮಿ.ಮೀ. ಕುಗ್ಗುತ್ತದೆ, ಒಳ ಪಂಚ್ 0.71 ಮಿ.ಮೀ. ಕುಗ್ಗುತ್ತದೆ.

ಒತ್ತುವಾಗ ಇದರಿಂದ ಅಪಾಯವಿಲ್ಲ. ಅಪಾಯವಿರುವುದು ಒತ್ತಡವನ್ನು ಸಡಿಲಿಸುವಾಗ. ಕುಗ್ಗಿದ ಎರಡು ಪಂಚ್‌ಗಳೂ ಮೊದಲಿನ ಉದ್ದಕ್ಕೆ ಮರಳುತ್ತವೆ. ಒಳ ಪಂಚ್ ಹೊರಗಿನದಕ್ಕಿಂತ ಸುಮಾರು 0.29 ಮಿ.ಮೀ. ಹೆಚ್ಚಾಗಿ ಮೇಲೇಳುತ್ತದೆ. ಇನ್ನೂ ಕುಲುಮೆ ಕಾಣದ ಹಸಿ ಬಿಲ್ಲೆಯು ಕೈಯಿಂದ ಮುರಿಯಬಹುದಾದಷ್ಟು ದುರ್ಬಲವಾದುದು. ಅಂಚೂ ನಡುಭಾಗವೂ ಕೂಡುವ ಮೂಲೆಯಲ್ಲಿ ಅದು ಸೀಳುತ್ತದೆ. ಆ ಸೀಳು ಕೂದಲಿಗಿಂತ ಸೂಕ್ಷ್ಮವಾಗಿದ್ದು ಕಣ್ಣಿಗೆ ಬೀಳದೆ ಹೋಗಬಹುದು. ಕುಲುಮೆಯಲ್ಲಿ ಕಾಯಿಸಿದರೂ ಅದು ಕೂಡಿಕೊಳ್ಳುವುದಿಲ್ಲ. ವಾಹನದೊಳಗೆ ಸೇರಿ ಓಡುತ್ತಿರುವಾಗ ಆ ಭಾಗವು ಮುರಿದರೆ ಅದರ ಫಲವನ್ನು ಅನುಭವಿಸುವವನು ಯಾವ ಪಂಚನ್ನೂ ಕಾಣದ ಪ್ರಯಾಣಿಕನು.

ನಿವಾರಣೋಪಾಯಗಳು

ಮೊದಲನೆಯ ಉಪಾಯವು ರಚನೆಗೆ ಸಂಬಂಧಿಸಿದುದು. ಪಂಚ್‌ಗಳು ಸಾಧ್ಯವಾದಷ್ಟು ಗಿಡ್ಡವಾಗಿರಬೇಕು. ತೆಳುವಾದ ಪಂಚ್‌ನ ಉದ್ದ ಇಮ್ಮಡಿಯಾದರೆ ಅದು ಬಾಗದೆ ಹೊರಬಲ್ಲ ಭಾರವು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಒಳ ಪಂಚ್‌ನ ಕೆಳಗಿನ 100 ಮಿ.ಮೀ. ಭಾಗದ ಅಡ್ಡಕೊಯ್ತವನ್ನು ಮೂರುಪಟ್ಟು ಮಾಡಿದರೆ ಅದರ ಕುಗ್ಗುವಿಕೆ 0.56 ಮಿ.ಮೀ.ಗೆ ಇಳಿದು, ಅಂತರವು 0.13 ಮಿ.ಮೀ. ಆಗುತ್ತದೆ. ಉಳಿದುದನ್ನು ಹೊರ ಪಂಚ್‌ನ ಕೆಳಗಿನ ಆಸರೆಯೂ ಅಷ್ಟೇ ಕುಗ್ಗುವಂತೆ ರಚಿಸಿ ಸರಿದೂಗಿಸಬಹುದು. ಕುಗ್ಗುವಿಕೆಯನ್ನು ಇಲ್ಲವಾಗಿಸುವುದು ಅಸಾಧ್ಯ. ಅದನ್ನು ಸಮಗೊಳಿಸುವುದು ಸಾಧ್ಯ.

ಎರಡನೆಯದು ಹೊರ ಅಚ್ಚಿಗೆ ಸಂಬಂಧಿಸಿದುದು. ಪುಡಿಯು ಪಕ್ಕಕ್ಕೆ ಒತ್ತುವುದರಿಂದ ಅಚ್ಚು ಹಿಗ್ಗುತ್ತದೆ. ಒತ್ತಡ ತಗ್ಗಿದಾಗ ಮತ್ತೆ ಬಿಲ್ಲೆಯನ್ನು ಬಿಗಿಯುತ್ತದೆ. ಇದಕ್ಕಾಗಿ ಟಂಗ್‌ಸ್ಟನ್ ಕಾರ್ಬೈಡಿನ ಒಳಬಳೆಯನ್ನು ಅಳವಡಿಸುತ್ತಾರೆ. ಇದರ ಬಿಗುವು ಉಕ್ಕಿಗಿಂತ ಎರಡೂವರೆಪಟ್ಟಿಗೂ ಹೆಚ್ಚು. ಆದರೆ ಎಳೆತಕ್ಕೆ ಇದು ಒಡೆಯುವ ಸ್ವಭಾವದ್ದು. ಆದುದರಿಂದ ತುಸು ಕಿರಿದಾದ ಉಕ್ಕಿನ ಹೊರಬಳೆಯನ್ನು ಕಾಯಿಸಿ ಇದಕ್ಕೆ ತೊಡಿಸುತ್ತಾರೆ. ನಮ್ಮ ಹಳ್ಳಿಯ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಂಡಿಯ ಗಾಲಿಗೆ ತೊಡಿಸಿ ನೀರು ಹೊಯ್ಯುವ ವಿದ್ಯೆಯೇ ಇದು. ಆರಿದ ಉಕ್ಕು ಕಾರ್ಬೈಡನ್ನು ಸದಾ ಅದುಮಿ ಹಿಡಿಯುತ್ತದೆ. ಪುಡಿಯ ಒತ್ತಡವು ಮೊದಲು ಆ ಅದುಮಿಕೆಯನ್ನು ಗೆಲ್ಲಬೇಕಾಗುತ್ತದೆ.

ಮೂರನೆಯದು ಪುಡಿಯ ತುಂಬುವಿಕೆ. ಸಡಿಲವಾದ ಕಬ್ಬಿಣದ ಪುಡಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಂ. ಒತ್ತಿದ ಮೇಲೆ ಸುಮಾರು 7 ಗ್ರಾಂ. ಎರಡು ಮಟ್ಟಗಳಲ್ಲಿಯೂ ಈ ಪ್ರಮಾಣ ಒಂದೇ ಇರಬೇಕು. ಒಂದು ಕಡೆ ಪುಡಿ ಹೆಚ್ಚಾದರೆ ಆ ಕಡೆಯ ಪಂಚ್ ಮಿತಿಮೀರಿದ ಭಾರವನ್ನು ಹೊರಬೇಕಾಗುತ್ತದೆ. ಪುಡಿಯೊಡನೆ ಬೆರೆಸುವ ಸತುವಿನ ಸ್ಟಿಯರೇಟ್ ಅಥವಾ ಮೇಣವು ಗೋಡೆಯ ಉಜ್ಜುವಿಕೆಯನ್ನು ತಗ್ಗಿಸುತ್ತದೆ.

ನಾಲ್ಕನೆಯದು ಯಂತ್ರದ ನಿಯಂತ್ರಣ. ಎಣ್ಣೆಯೂ ಸಂಪೂರ್ಣವಾಗಿ ಅಸಂಕೋಚ್ಯವಲ್ಲ. 250 ಬಾರ್ ಒತ್ತಡದಲ್ಲಿ ಅದು ಸುಮಾರು ಶೇಕಡಾ ಒಂದೂವರೆಯಷ್ಟು ಕುಗ್ಗುತ್ತದೆ. ಪ್ರೆಸ್ಸಿನ ಚೌಕಟ್ಟೂ ಹಿಗ್ಗುತ್ತದೆ. ಆದುದರಿಂದ ಪಿಸ್ಟನ್ನಿನ ಬಳಿ ಅಳೆದ ಸ್ಥಾನವು ಪಂಚ್‌ನ ಮುಖದ ನಿಜವಾದ ಸ್ಥಾನವಲ್ಲ. ಅಳತೆಯ ಪಟ್ಟಿಯನ್ನು ಅಚ್ಚಿನ ಸಮೀಪದಲ್ಲಿಯೇ ಜೋಡಿಸಿ, ಪ್ರತಿಯೊಂದು ಪಂಚ್‌ಗೂ ಪ್ರತ್ಯೇಕ ಸಿಲಿಂಡರ್ ಮತ್ತು ಸರ್ವೋ ವಾಲ್ವ್ ಒದಗಿಸಿದರೆ, ಒಳ ಪಂಚ್ ಮೇಲೇಳುವಷ್ಟೇ ಅದರ ಆಸರೆಯನ್ನು ಕೆಳಗಿಳಿಸಬಹುದು. ಒತ್ತಡವನ್ನು ಥಟ್ಟನೆ ಬಿಡದೆ ಕ್ರಮವಾಗಿ ಇಳಿಸಬೇಕು. ಬಿಲ್ಲೆಯನ್ನು ಹೊರದೂಡುವಾಗಲೂ ಮೇಲಿನ ಪಂಚ್ ಅದನ್ನು ಹಗುರವಾಗಿ ಅದುಮಿಕೊಂಡಿರಬೇಕು. ಇಲ್ಲವಾದರೆ ಅಚ್ಚಿನ ಬಾಯಿಂದ ಹೊರಬರುವ ಭಾಗವು ಹಿಗ್ಗಿ, ಒಳಗುಳಿದ ಭಾಗದಿಂದ ಪದರಾಗಿ ಬಿರಿಯುವ ಸಂಭವವುಂಟು.

ಈ ಸಮಸ್ಯೆಯಲ್ಲಿ ಶಿಕ್ಷಕರಿಗೊಂದು ಪಾಠವೂ ಅಡಗಿದೆ. ಪಠ್ಯಪುಸ್ತಕದ ಲೆಕ್ಕಗಳಲ್ಲಿ ಬರುವ ‘ದೃಢವಸ್ತು’ ಕಾಗದದ ಮೇಲೆ ಮಾತ್ರ ಇರತಕ್ಕುದು. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ, ಎಳೆತವು ಬಲಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಪರೀಕ್ಷೆಗೆಂದು ಉರುಹೊಡೆದ ಬಾಲಕನು, ಕಾರ್ಖಾನೆಯಲ್ಲಿ ನಿಂತಾಗ ಅದೇ ನಿಯಮದಿಂದ ಬಿರುಕಿನ ಕಾರಣವನ್ನು ಹುಡುಕಬಲ್ಲವನಾದರೆ ಕಲಿಸಿದವರ ಶ್ರಮ ಸಾರ್ಥಕ.