ಕ್ಷಣಕಾಲ ಅಲುಗಿದ ಸೂಜಿ

ಲಂಡನ್ನಿನ ಸಮೀಪದಲ್ಲಿದ್ದ ನ್ಯೂಯಿಂಗ್ಟನ್ ಎಂಬಲ್ಲಿ 1791ರ ಸೆಪ್ಟೆಂಬರ್ 22ರಂದು ಬಡ ಕಮ್ಮಾರನೊಬ್ಬನ ಮಗನಾಗಿ ಮೈಕೇಲ್ ಫ್ಯಾರಡೆ ಜನಿಸಿದನು. ಶಾಲೆಯಲ್ಲಿ ಅವನು ಕಲಿತದ್ದು ಓದು, ಬರಹ ಮತ್ತು ಅಲ್ಪಸ್ವಲ್ಪ ಲೆಕ್ಕ ಮಾತ್ರ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿಯಲು ಅಂಗಡಿಯೊಂದನ್ನು ಸೇರಿದನು. ಕಟ್ಟಲು ಬಂದ ಪುಸ್ತಕಗಳನ್ನು ಓದುವುದು ಅವನ ಅಭ್ಯಾಸವಾಯಿತು. ವಿಶ್ವಕೋಶವೊಂದರಲ್ಲಿ ವಿದ್ಯುತ್ತನ್ನು ಕುರಿತು ಇದ್ದ ಲೇಖನವು ಅವನ ಮನಸ್ಸನ್ನು ಬಹುವಾಗಿ ಸೆಳೆಯಿತು. 1812ರಲ್ಲಿ ಪ್ರಸಿದ್ಧ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ ಬಂದ ಅವನು, ಅವುಗಳ ಟಿಪ್ಪಣಿಗಳನ್ನು ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿಕೊಟ್ಟನು. ಮರುವರ್ಷ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಅವನಿಗೆ ಸಹಾಯಕನ ಕೆಲಸ ದೊರೆಯಿತು.

ವಿದ್ಯುತ್ತಿಗೂ ಕಾಂತಕ್ಕೂ ಇರುವ ಸಂಬಂಧವು ಆ ದಿನಗಳಲ್ಲಿ ಯಾರಿಗೂ ಸ್ಪಷ್ಟವಾಗಿರಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್ ಎಂಬ ವಿಜ್ಞಾನಿಯು ಒಂದು ಹೊಸ ಸಂಗತಿಯನ್ನು ಲೋಕಕ್ಕೆ ತಿಳಿಸಿದನು. ತಂತಿಯಲ್ಲಿ ವಿದ್ಯುತ್ತು ಹರಿದಾಗ ಅದರ ಬಳಿಯಿದ್ದ ದಿಕ್ಸೂಚಿಯ ಸೂಜಿ ಪಕ್ಕಕ್ಕೆ ತಿರುಗಿತು. ವಿದ್ಯುತ್ತಿನಿಂದ ಕಾಂತಶಕ್ತಿ ಉಂಟಾಗುವುದಾದರೆ, ಕಾಂತಶಕ್ತಿಯಿಂದ ವಿದ್ಯುತ್ತು ಏಕೆ ಉಂಟಾಗಬಾರದು? ಈ ಪ್ರಶ್ನೆಯು ಯೂರೋಪಿನ ಅನೇಕ ವಿಜ್ಞಾನಿಗಳನ್ನು ಕಾಡಿತು.

ಉತ್ತರವನ್ನು ಅರಸಿದವರೆಲ್ಲರೂ ಸಾಮಾನ್ಯವಾಗಿ ಒಂದೇ ಹಾದಿ ಹಿಡಿದಿದ್ದರು. ತಂತಿಯ ಬಳಿ ಬಲವಾದ ಕಾಂತವನ್ನಿಟ್ಟರೆ ಅದರಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯುವುದೆಂದು ಅವರು ನಿರೀಕ್ಷಿಸಿದರು. 1825ರಲ್ಲಿ ಜಿನೀವಾ ನಗರದ ಕೊಲಾಡೋನ್ ಎಂಬ ವಿಜ್ಞಾನಿಯು ತಂತಿಯ ಸುರುಳಿಯೊಂದನ್ನು ಮಾಡಿ, ಅದರ ತುದಿಗಳನ್ನು ವಿದ್ಯುತ್ ಪ್ರವಾಹವನ್ನು ತೋರಿಸುವ ಗ್ಯಾಲ್ವನೋಮೀಟರಿಗೆ ಜೋಡಿಸಿದನು. ಕಾಂತದ ಸೆಳೆತವು ಉಪಕರಣಕ್ಕೆ ತಾಗಬಾರದೆಂದು ಅದನ್ನು ಬೇರೊಂದು ಕೋಣೆಯಲ್ಲಿ ಇರಿಸಿದ್ದನು. ಸುರುಳಿಯ ಬಳಿಗೆ ಕಾಂತವನ್ನು ತಂದು, ಬಳಿಕ ಆ ಕೋಣೆಗೆ ನಡೆದುಹೋಗಿ ನೋಡಿದನು. ಸೂಜಿಯು ಮೊದಲಿನಂತೆಯೇ ನಿಶ್ಚಲವಾಗಿ ನಿಂತಿತ್ತು. ಅವನು ಹೋಗಿ ಸೇರುವಷ್ಟರಲ್ಲಿ ಅದು ಒಮ್ಮೆ ಅಲುಗಿ, ಮರಳಿ ತನ್ನ ಸ್ಥಾನಕ್ಕೆ ಬಂದಿತ್ತು! ಎಚ್ಚರಿಕೆಯಿಂದ ಮಾಡಿದ ಏರ್ಪಾಡೇ ಸತ್ಯವನ್ನು ಅವನ ಕಣ್ಣಿನಿಂದ ಮರೆಸಿತು.

ಫ್ಯಾರಡೆಯೂ ಹತ್ತು ವರ್ಷಗಳ ಅವಧಿಯಲ್ಲಿ ಹಲವು ಸಲ ಪ್ರಯತ್ನಿಸಿ ವಿಫಲನಾಗಿದ್ದನು. 1831ರ ಆಗಸ್ಟ್ 29ರಂದು ಅವನು ಮತ್ತೊಂದು ಪ್ರಯೋಗ ಮಾಡಿದನು. ಸುಮಾರು ಆರು ಅಂಗುಲ ಅಗಲದ ಮೆದುಕಬ್ಬಿಣದ ಬಳೆಯೊಂದನ್ನು ತೆಗೆದುಕೊಂಡು, ಅದರ ಎರಡು ಪಕ್ಕಗಳಲ್ಲಿಯೂ ತಾಮ್ರದ ತಂತಿಯನ್ನು ಬೇರೆಬೇರೆಯಾಗಿ ಸುತ್ತಿದನು. ತಂತಿಯ ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ದಾರವನ್ನೂ ಬಟ್ಟೆಯನ್ನೂ ಸೇರಿಸಿದ್ದನು. ಒಂದು ಪಕ್ಕದ ತಂತಿಯನ್ನು ಬ್ಯಾಟರಿಗೆ ಜೋಡಿಸಿದೊಡನೆ ಇನ್ನೊಂದು ಪಕ್ಕದ ತಂತಿಯ ಬಳಿಯಿದ್ದ ಕಾಂತಸೂಜಿ ಅಲುಗಿತು. ಸ್ವಲ್ಪ ಹೊತ್ತು ಓಲಾಡಿ ಸ್ವಸ್ಥಾನದಲ್ಲಿ ನಿಂತಿತು. ಬ್ಯಾಟರಿಯಿಂದ ವಿದ್ಯುತ್ತು ಹರಿಯುತ್ತಲೇ ಇದ್ದರೂ ಸೂಜಿ ಮತ್ತೆ ಚಲಿಸಲಿಲ್ಲ. ಬ್ಯಾಟರಿಯ ಸಂಪರ್ಕವನ್ನು ತೆಗೆದಾಗ ಅದು ಪುನಃ ಅಲುಗಿತು.

ಈ ಅಲುಗಾಟವನ್ನು ಆಕಸ್ಮಿಕವೆಂದು ಫ್ಯಾರಡೆ ತಳ್ಳಿಹಾಕಲಿಲ್ಲ. ಅಕ್ಟೋಬರ್ 17ರಂದು ಅವನು ಟೊಳ್ಳಾದ ಸುರುಳಿಯೊಳಕ್ಕೆ ದಂಡಕಾಂತವೊಂದನ್ನು ಥಟ್ಟನೆ ತೂರಿಸಿದನು. ಗ್ಯಾಲ್ವನೋಮೀಟರಿನ ಸೂಜಿ ಒಂದು ಕಡೆಗೆ ಸರಿಯಿತು. ಕಾಂತವನ್ನು ಹೊರಕ್ಕೆ ಎಳೆದಾಗ ವಿರುದ್ಧ ದಿಕ್ಕಿಗೆ ಸರಿಯಿತು. ಕಾಂತವು ಸುರುಳಿಯೊಳಗೆ ಸುಮ್ಮನಿದ್ದಾಗ ಸೂಜಿಯೂ ಸುಮ್ಮನಿತ್ತು.

ಹತ್ತು ವರ್ಷಗಳ ಒಗಟು ಹೀಗೆ ಬಿಡಿಸಿತು. ವಿದ್ಯುತ್ತನ್ನು ಹುಟ್ಟಿಸಲು ಕಾಂತವು ಬಳಿಯಲ್ಲಿದ್ದರೆ ಸಾಲದು; ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರವು ಬದಲಾಗುತ್ತಿರಬೇಕು. ಬ್ಯಾಟರಿಯನ್ನು ಜೋಡಿಸಿದಾಗ ಕಬ್ಬಿಣದ ಬಳೆಯಲ್ಲಿ ಕಾಂತಕ್ಷೇತ್ರ ಹೊಸದಾಗಿ ಮೂಡುತ್ತದೆ, ತೆಗೆದಾಗ ಅಳಿಯುತ್ತದೆ. ನಡುವಿನ ಅವಧಿಯಲ್ಲಿ ಅದು ಸ್ಥಿರವಾಗಿರುವುದರಿಂದ ಎರಡನೆಯ ತಂತಿಯಲ್ಲಿ ಪ್ರವಾಹವಿಲ್ಲ. ಬದಲಾವಣೆಯು ಶೀಘ್ರವಾದಷ್ಟೂ, ಸುರುಳಿಯ ಸುತ್ತುಗಳು ಹೆಚ್ಚಿದಷ್ಟೂ ವಿದ್ಯುತ್ತನ್ನು ದೂಡುವ ಬಲವು ಹೆಚ್ಚುತ್ತದೆ. ಈ ವಿದ್ಯಮಾನಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು.

ಹಾಗಾದರೆ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆಯುವುದು ಹೇಗೆ? ಎಡೆಬಿಡದ ಚಲನೆಯೇ ಅದಕ್ಕೆ ಮಾರ್ಗ. ಅದೇ ಅಕ್ಟೋಬರ್ 28ರಂದು ಫ್ಯಾರಡೆಯು ದೊಡ್ಡ ಕಾಂತವೊಂದರ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ತಿರುಗುತ್ತಿರುವವರೆಗೂ ಪ್ರವಾಹವನ್ನು ಪಡೆದನು. ವಿದ್ಯುಜ್ಜನಕ ಯಂತ್ರಕ್ಕೆ ಇದೇ ನಾಂದಿ.

ಆದರೆ ಈ ವಿದ್ಯುತ್ತು ಪುಕ್ಕಟೆಯಾಗಿ ದೊರೆಯುವುದಿಲ್ಲ. ಪ್ರೇರಿತವಾದ ಪ್ರವಾಹವು ತನಗೆ ಕಾರಣವಾದ ಬದಲಾವಣೆಯನ್ನೇ ವಿರೋಧಿಸುತ್ತದೆ ಎಂಬುದನ್ನು 1834ರಲ್ಲಿ ಲೆನ್ಸ್ ಎಂಬ ವಿಜ್ಞಾನಿಯು ತೋರಿಸಿದನು. ಬೈಸಿಕಲ್ಲಿನ ಡೈನಮೋವನ್ನು ಚಕ್ರಕ್ಕೆ ತಾಗಿಸಿ ದೀಪ ಉರಿಸುವಾಗ ತುಳಿತವು ಭಾರವಾಗುವುದನ್ನು ಸವಾರನ ಕಾಲುಗಳೇ ಹೇಳುತ್ತವೆ. ದೀಪದ ಬೆಳಕು ಅವನ ದುಡಿಮೆಯ ರೂಪಾಂತರವಾಗಿದೆ.

ಮನುಷ್ಯನ ಕಾಲು ಮಾಡುವ ಈ ಕೆಲಸವನ್ನು ಧುಮುಕುವ ನೀರು ಬಹು ದೊಡ್ಡ ಪ್ರಮಾಣದಲ್ಲಿ ಮಾಡಬಲ್ಲದು. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರು ಯಂತ್ರಚಕ್ರಗಳನ್ನು ತಿರುಗಿಸಿತು. ಅವುಗಳಿಗೆ ಜೋಡಿಸಿದ ವಿದ್ಯುಜ್ಜನಕಗಳು ವಿದ್ಯುತ್ತನ್ನು ಉತ್ಪಾದಿಸಿದವು. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಆ ವಿದ್ಯುತ್ತು ತಂತಿಗಳ ಮೂಲಕ ಹರಿಯಿತು. ಅಷ್ಟು ದೂರ ಸಾಗಿಸಲು ವಿದ್ಯುತ್ತಿನ ಒತ್ತಡವನ್ನು ಏರಿಸಿದ ಪರಿವರ್ತಕವೂ ಫ್ಯಾರಡೆಯ ಕಬ್ಬಿಣದ ಬಳೆಯ ವಂಶದ್ದೇ ಆಗಿದೆ.

ಕೊಲಾಡೋನನ ಸೂಜಿಯೂ ಅಲುಗಿತ್ತು, ಫ್ಯಾರಡೆಯ ಸೂಜಿಯೂ ಅಲುಗಿತು. ಒಂದನ್ನು ನೋಡುವವರಿರಲಿಲ್ಲ, ಇನ್ನೊಂದನ್ನು ನೋಡಿದವನು ಅದು ಏಕೆ ಅಲುಗಿತೆಂದು ಕೇಳಿದನು. ನಿರೀಕ್ಷಿಸಿದ್ದು ಕಾಣದಿದ್ದಾಗ ನಿರಾಶನಾಗದೆ, ಕಂಡ ಅಲ್ಪ ಸಂಗತಿಯನ್ನು ಕಡೆಗಣಿಸದೆ ವಿಚಾರ ಮಾಡುವುದೇ ವಿಜ್ಞಾನಿಯ ಗುಣ. ಆ ಗುಣದ ಫಲವಾಗಿ ಇಂದು ಮನೆಮನೆಯಲ್ಲಿಯೂ ದೀಪ ಬೆಳಗುತ್ತಿದೆ.