ಹನ್ನೊಂದು ದಾಖಲೆಗಳಲ್ಲಿ ಒಂದೇ ತಪ್ಪು: ತಾಳಗುಂದದ ಪಾಠ ಮತ್ತು ಉಲ್ಲೇಖಗಳ ಅಧ್ಯಯನ

ಕಳೆದ ವರ್ಷ ಬೋಧನಾಭ್ಯಾಸದ ಪಾಠ ದಾಖಲೆಗಳನ್ನು ತಿದ್ದುತ್ತಿದ್ದೆ. ಸಮಾಜ ವಿಜ್ಞಾನ ವಿಧಾನದ ಪ್ರಶಿಕ್ಷಣಾರ್ಥಿಗಳಲ್ಲಿ ಹದಿನಾಲ್ಕು ಮಂದಿ ಕದಂಬರ ಪಾಠವನ್ನೇ ಆಯ್ದುಕೊಂಡಿದ್ದರು. ಶಿಕಾರಿಪುರ, ಸೊರಬದ ಕಡೆಯ ಶಾಲೆಗಳಿಗೆ ಹೋಗುವವರಿಗೆ ಅದು ಸಹಜವೇ. ಮಯೂರಶರ್ಮನ ಕಥೆ ಹೇಳುವ ಕಂಬ ಶಿರಾಳಕೊಪ್ಪದ ಪಕ್ಕದಲ್ಲೇ ನಿಂತಿದೆ. ‘ಆಕರ’ ಎಂಬ ಅಂಕಣದಲ್ಲಿ ಹನ್ನೊಂದು ಮಂದಿ ಹೀಗೆ ಬರೆದಿದ್ದರು: ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 8, ಶಿಕಾರಿಪುರ 176. ಇಬ್ಬರು ‘ತಾಳಗುಂದ ಶಾಸನ’ ಎಂದಷ್ಟೇ ಬರೆದಿದ್ದರು. ಒಬ್ಬರು ಮಾತ್ರ ಸಂಪುಟ 7 ಎಂದಿದ್ದರು.

ಸರಿಯಾದದ್ದು 7. ಬಿ. ಎಲ್. ರೈಸ್ ಅವರ ಮೂಲ ಆವೃತ್ತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳು ಎರಡು ಭಾಗವಾಗಿವೆ. 1902ರ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 1904ರ ಎಂಟನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಎಂಟನೆಯ ಸಂಪುಟದಲ್ಲಿ ಶಿಕಾರಿಪುರವೇ ಇಲ್ಲ. ಅಂದರೆ ಈ ಹನ್ನೊಂದು ಮಂದಿಯಲ್ಲಿ ಒಬ್ಬರೂ ಆ ಪುಸ್ತಕ ತೆರೆದಿಲ್ಲ. ನನಗೆ ಸಿಟ್ಟು ಬಂತು. ಆ ಅಂಕಣದ ಐದು ಅಂಕಕ್ಕೂ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದೆ. ನಕಲು ಎಂದು ಪ್ರಾಂಶುಪಾಲರಿಗೆ ಬರೆದುಕೊಡಬೇಕೆಂದೂ ನಿಶ್ಚಯಿಸಿದೆ.

ಆ ಟಿಪ್ಪಣಿ ಬರೆಯುವ ಮುನ್ನ ತಾಳಗುಂದದಲ್ಲಿ ಒಂದು ವೀಕ್ಷಣಾ ಪಾಠವಿತ್ತು. ಹತ್ತಿರದ ಪ್ರೌಢಶಾಲೆಯ 8ನೇ ತರಗತಿಯನ್ನು ಪ್ರಣವೇಶ್ವರ ದೇವಾಲಯದ ಮುಂದೆ ಕೂರಿಸಿಕೊಂಡು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಪಾಠ ಮಾಡುತ್ತಿದ್ದರು. ಎಂಟು ಮುಖದ ಕಂಬ, ಕೆಳಗಿನಿಂದ ಮೇಲಕ್ಕೆ ಓದಬೇಕಾದ ಸಾಲುಗಳು, ಸಂಸ್ಕೃತ ಕಾವ್ಯ, ಐದನೆಯ ಶತಮಾನ. ಪೀಠಿಕೆ ಚೆನ್ನಾಗಿತ್ತು. ಕಾಂಚಿಯ ಘಟಿಕೆಗೆ ಗುರು ವೀರಶರ್ಮನೊಂದಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದದ್ದು, ಎಲ್ಲವನ್ನೂ ಮಕ್ಕಳು ಬಾಯಿಬಿಟ್ಟು ಕೇಳಿದರು. ಆಗ ಮುಂದೆ ಕೂತಿದ್ದ ಒಬ್ಬ ಹುಡುಗಿ ಎದ್ದಳು.

“ಮಿಸ್, ಇದನ್ನ ಬರ್ದಿದ್ದು ಯಾರು?”

“ಕಾಕುಸ್ಥವರ್ಮ.”

“ರಾಜನೇ ಉಳಿ ಹಿಡ್ಕೊಂಡು ಕೂತಿದ್ನಾ ಮಿಸ್?”

ಎಲ್ಲರೂ ನಕ್ಕರು. ಪ್ರಶಿಕ್ಷಣಾರ್ಥಿ ನನ್ನ ಮುಖ ನೋಡಿದರು. ವೀಕ್ಷಕ ನಡುವೆ ಬಾಯಿ ಹಾಕಬಾರದು ಎಂಬುದು ನಾನೇ ಹೇಳಿಕೊಡುವ ನಿಯಮ; ಅಂದು ಮುರಿದೆ. “ಶಾಸನ ಹುಟ್ಟಲು ಯಾರು ಯಾರು ಏನೇನು ಮಾಡಿದರು ಎಂದು ಮಕ್ಕಳ ಕೈಲೇ ಪಟ್ಟಿ ಮಾಡಿಸಿ” ಎಂದೆ. ಸುರುಳಿ ಹಲಗೆಯ ಮೇಲೆ ಮೂರು ಹೆಸರು ಬಂದವು. ದೇವಾಲಯದ ಕೆರೆಯನ್ನು ಕಟ್ಟಿಸಿದವನು ಕಾಕುಸ್ಥವರ್ಮ. ಕಾವ್ಯ ಬರೆಸಿದವನು ಅವನ ಮಗ ಶಾಂತಿವರ್ಮ. ಕಾವ್ಯ ರಚಿಸಿ ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡವನು ಕವಿ ಕುಬ್ಜ. ‘ಬರೆದ’ ಎಂದರೆ ತಾನೇ ಕೊರೆದನೋ, ಕೊರೆಯುವವನಿಗೆ ಅಕ್ಷರ ಗುರುತು ಮಾಡಿಕೊಟ್ಟನೋ ಎಂಬುದನ್ನು ಚರ್ಚೆಗೆ ಬಿಟ್ಟೆವು.

ಆಮೇಲೆ ಒಂದು ಆಟ. ಈ ಶಾಸನಕ್ಕೆ ಒಟ್ಟು ಒಂದೇ ಅಂಕ, ಅದನ್ನು ಮೂವರಿಗೂ ಹಂಚಿ ಎಂದು ನಾಲ್ಕು ಗುಂಪುಗಳಿಗೆ ಹೇಳಿದೆವು. ಮೂರು ಗುಂಪು ಕುಬ್ಜನಿಗೆ ಹೆಚ್ಚು ಪಾಲು ಕೊಟ್ಟವು. ನಾಲ್ಕನೆಯ ಗುಂಪು ಅರ್ಧ ಅಂಕವನ್ನು ‘ಕಲ್ಲು ಕಡಿದು ಎಳೆದು ತಂದವರಿಗೆ’ ಎಂದು ಬರೆಯಿತು. ಪಟ್ಟಿಯಲ್ಲೇ ಇಲ್ಲದ ಹೆಸರು! ನನ್ನ ವೀಕ್ಷಣಾ ಪುಸ್ತಕದಲ್ಲಿ ಆ ದಿನದ ಅತ್ಯುತ್ತಮ ಉತ್ತರವೆಂದು ಅದನ್ನೇ ಬರೆದುಕೊಂಡಿದ್ದೇನೆ.

ಸಂಶೋಧನೆಯನ್ನೇ ಸಂಶೋಧನೆಯ ವಸುವಾಗಿ ನೋಡುವವರು ಮಾಡುವ ಕೆಲಸವೂ ಇದೇ ಬಗೆಯದು. ಒಂದು ಲೇಖನಕ್ಕೆ ನಾಲ್ವರು ಕರ್ತೃಗಳಿದ್ದರೆ ನಾಲ್ವರಿಗೂ ಪೂರ್ತಿ ಒಂದೊಂದು ಎಣಿಸುವುದು ಒಂದು ಕ್ರಮ, ಕಾಲು ಕಾಲು ಹಂಚುವುದು ಇನ್ನೊಂದು, ಮೊದಲ ಹೆಸರಿಗಷ್ಟೇ ಲೆಕ್ಕ ಕೊಡುವುದು ಮತ್ತೊಂದು. ಕ್ರಮ ಬದಲಾದರೆ ‘ದೊಡ್ಡ ಸಂಶೋಧಕರ’ ಪಟ್ಟಿಯೂ ಬದಲಾಗುತ್ತದೆ. ಈ ಎಣಿಕೆಯ ಶಾಸ್ತ್ರಕ್ಕೂ ನಮಗೂ ನಂಟಿದೆ. ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸಬೇಕೆಂದು 1948ರಲ್ಲೇ ‘ಲೈಬ್ರಾಮೆಟ್ರಿ’ ಎಂಬ ಹೆಸರಿಟ್ಟವರು ಎಸ್. ಆರ್. ರಂಗನಾಥನ್, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದವರೂ ಅವರೇ. ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂಬುದರ ಸೂಚಿ ಬೇಕೆಂದು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು, 1964ರಲ್ಲಿ ವಿಜ್ಞಾನ ಲೇಖನಗಳಿಗೆ ಅಂಥ ಸೂಚಿ ಹೊರಬಂತು.

ನನ್ನ ಹನ್ನೊಂದು ದಾಖಲೆಗಳಿಗೆ ನೇರವಾಗಿ ಸಂಬಂಧಿಸಿದ್ದು ಮಾತ್ರ 2003ರ ಒಂದು ಅಧ್ಯಯನ. ಸಿಮ್ಕಿನ್ ಮತ್ತು ರಾಯ್‌ಚೌಧರಿ ಎಂಬ ಇಬ್ಬರು ಒಂದು ಪ್ರಸಿದ್ಧ ಭೌತಶಾಸ್ತ್ರ ಲೇಖನದ ಉಲ್ಲೇಖಗಳನ್ನು ಪರಿಶೀಲಿಸಿದರು. ಸುಮಾರು 4300 ಉಲ್ಲೇಖಗಳಲ್ಲಿ 196ರಲ್ಲಿ ಸಂಪುಟದ್ದೋ ಪುಟದ್ದೋ ಅಚ್ಚಿನ ತಪ್ಪಿತ್ತು. ಆದರೆ ಬೇರೆ ಬೇರೆ ತಪ್ಪುಗಳಿದ್ದದ್ದು 45 ಮಾತ್ರ. ಒಂದೇ ತಪ್ಪು ಪುಟಸಂಖ್ಯೆ 78 ಸಲ ಬಂದಿತ್ತು. ಎಪ್ಪತ್ತೆಂಟು ಮಂದಿ ತಾವು ತಾವಾಗಿಯೇ ಒಂದೇ ತಪ್ಪು ಮಾಡುವುದು ಅಸಂಭವ. ಒಬ್ಬರ ಪಟ್ಟಿ ನೋಡಿ ಇನ್ನೊಬ್ಬರು ಬರೆದುಕೊಂಡಿದ್ದಾರೆ. ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಸುಮಾರು ಐದರಲ್ಲಿ ಒಬ್ಬರು ಎಂದು ಅವರು ಅಂದಾಜು ಮಾಡಿದರು. ಅಂದಾಜಿನ ಬಗ್ಗೆ ತಕರಾರು ಎತ್ತಬಹುದು: ಲೇಖನ ಓದಿಯೂ ವಿವರವನ್ನು ಪಕ್ಕದವರಿಂದ ಬರೆದುಕೊಳ್ಳುವವರು ಇರುತ್ತಾರೆ. ವಿಧಾನ ಮಾತ್ರ ಒಪ್ಪುವಂಥದ್ದು. ಹಸ್ತಪ್ರತಿಗಳ ಸಂಪಾದಕರಿಗೆ ಇದು ಹಳೆಯ ವಿದ್ಯೆ. ಯಾವ ಓಲೆ ಯಾವ ಓಲೆಯ ಪ್ರತಿ ಎಂಬುದನ್ನು ಅವರು ಸಮಾನ ತಪ್ಪುಗಳಿಂದಲೇ ಗುರುತಿಸುವುದು.

ಅದೇ ವಿಧಾನವನ್ನು ನಮ್ಮ ದಾಖಲೆಗಳ ಮೇಲೆ ಪ್ರಯೋಗಿಸೋಣ ಎಂದು ತರಗತಿಯಲ್ಲಿ ಹನ್ನೊಂದನ್ನೂ ಮೇಜಿನ ಮೇಲೆ ಹರಡಿದೆವು. ಯಾರಿಗೂ ಶಿಕ್ಷೆಯಿಲ್ಲ ಎಂದು ಮೊದಲೇ ಹೇಳಿದ್ದೆ, ಇಲ್ಲದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹತ್ತಿರದಿಂದ ನೋಡಿದರೆ ಮೂರರಲ್ಲಿ 176ರ ಬದಲು 167 ಇತ್ತು. ನಾನು ತಿದ್ದುವಾಗ ಅದು ಕಣ್ಣಿಗೇ ಬಿದ್ದಿರಲಿಲ್ಲ. ಆ ಮೂವರೂ ಒಂದೇ ಬಾಡಿಗೆ ಕೋಣೆಯವರು. ಉಳಿದ ಎಂಟರ ದಾರಿ ಹಿಂದಿನ ಬ್ಯಾಚಿನ ಒಂದು ರೆಕಾರ್ಡಿಗೆ ಹೋಯಿತು. ಅದರದ್ದು ಅದಕ್ಕೂ ಹಿಂದಿನದಕ್ಕೆ. ಕೊನೆಗೆ ಒಬ್ಬ ಹಳೆಯ ವಿದ್ಯಾರ್ಥಿ ತನ್ನ ಕಡತದಿಂದ ಒಂದು ಜೆರಾಕ್ಸ್ ಹಾಳೆಯ ಫೋಟೋ ಕಳಿಸಿದ. ಅಕ್ಷರ ನನ್ನದು.

ಕದಂಬರ ಪಾಠಕ್ಕೆಂದು ಹಿಂದೆ ನಾನೇ ಹಂಚಿದ ಟಿಪ್ಪಣಿ ಅದು. ಒಂದು ಸಾಲಿನಲ್ಲಿ ‘ಎಪಿ. ಇಂ. 8’ ಎಂದಿತ್ತು, ಅದರ ಕೆಳಗೆ ‘ಎಪಿ. ಕ., ಶಿಕಾರಿಪುರ 176’. ಮೊದಲನೆಯದು ಎಪಿಗ್ರಾಫಿಯಾ ಇಂಡಿಕಾ. ಕೀಲ್‌ಹಾರ್ನ್ ಈ ಶಾಸನವನ್ನು ಸಂಪಾದಿಸಿದ್ದು ಅದರ ಎಂಟನೆಯ ಸಂಪುಟದಲ್ಲಿ, ಹಾಗಾಗಿ ಆ 8 ಸರಿಯೇ. ಎರಡನೆಯದಕ್ಕೆ ನಾನು ಸಂಪುಟವನ್ನೇ ಬರೆದಿರಲಿಲ್ಲ. ಓದಿದವರು ಮೇಲಿನ 8ನ್ನು ಕೆಳಕ್ಕೆ ಇಳಿಸಿಕೊಂಡರು. ನಾನೇಕೆ ಬರೆದಿರಲಿಲ್ಲ? ಆಗ ನಾನೂ ಎರಡನ್ನೂ ತೆರೆದಿರಲಿಲ್ಲ, ಒಂದು ಇತಿಹಾಸ ಪುಸ್ತಕದ ಅಡಿಟಿಪ್ಪಣಿಯಿಂದ ಇಳಿಸಿಕೊಂಡಿದ್ದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು.

ಪ್ರಾಂಶುಪಾಲರಿಗೆ ಬರೆಯುವ ಟಿಪ್ಪಣಿ ಅಲ್ಲಿಗೆ ನಿಂತಿತು. ಹಾಗೆಂದು ಸೊನ್ನೆಯನ್ನು ಸುಮ್ಮನೆ ಅಳಿಸಲಿಲ್ಲ. ಏಳನೆಯ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಗ್ರಂಥಾಲಯದ ಕಂಪ್ಯೂಟರಿನಲ್ಲಿ ತೆರೆದು, ಶಾಸನ ಹುಡುಕಿ, ಪುಟಸಂಖ್ಯೆ ಬರೆದು ತಂದವರಿಗೆ ಐದಕ್ಕೆ ಐದು ಎಂದೆ. ಎಲ್ಲರೂ ತಂದರು. ಆ ಹುಡುಕಾಟದಲ್ಲಿ ಅವರಿಗೇ ಎರಡು ಪ್ರಶ್ನೆಗಳು ಸಿಕ್ಕಿದವು, ಎರಡೂ ಉಲ್ಲೇಖಾಧ್ಯಯನದ ನಿಜವಾದ ತೊಡಕುಗಳೇ.

ಒಂದು: ಕೀಲ್‌ಹಾರ್ನ್ ತಮ್ಮ ಲೇಖನದ ಶೀರ್ಷಿಕೆಯಲ್ಲಿ ಇದನ್ನು ಕಾಕುಸ್ಥವರ್ಮನ ಶಾಸನವೆಂದೇ ಕರೆದಿದ್ದಾರೆ, ಬೇರೆ ಬರಹಗಳಲ್ಲಿ ಇದು ಶಾಂತಿವರ್ಮನ ಶಾಸನ. ನಮ್ಮ ಪ್ರಶಿಕ್ಷಣಾರ್ಥಿಯ ಉತ್ತರ ಪೂರ್ತಿ ಅವರ ತಪ್ಪಲ್ಲ. ಹೆಸರಿನಿಂದ ಹುಡುಕಿ ಎಣಿಸುವವರಿಗೆ ಒಂದೇ ಕಂಬ ಎರಡು ಶಾಸನವಾಗಿ ಕಾಣುತ್ತದೆ, ಕುಬ್ಜನಂತೂ ಯಾವ ಎಣಿಕೆಗೂ ಸಿಗುವುದಿಲ್ಲ. ಎರಡು: ‘ರೈಸ್’ ಎಂದು ಬರೆದರೆ ಯಾವ ರೈಸ್? ಶಾಸನಗಳ ಬಿ. ಎಲ್. ರೈಸ್ ಒಬ್ಬರು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇನ್ನೊಬ್ಬರು. ಒಬ್ಬ ಪ್ರಶಿಕ್ಷಣಾರ್ಥಿ ಇಬ್ಬರನ್ನೂ ಒಂದು ಮಾಡಿದ್ದ. ನಮ್ಮ ಹೆಸರುಗಳ ಕಥೆ ಇನ್ನೂ ಕಷ್ಟ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಕೊನೆಗೆ ಸ್ವಂತ ಹೆಸರು. ಕೊನೆಯದನ್ನು ಮನೆತನದ ಹೆಸರೆಂದು ಓದುವ ಸೂಚಿಗಳಲ್ಲಿ ನೂರಾರು ಮಂಜುನಾಥರು ಒಬ್ಬರೇ ಆಗಿಬಿಡುತ್ತಾರೆ. ಸಂಶೋಧಕರಿಗೆ ಒಂದೊಂದು ಗುರುತಿನ ಸಂಖ್ಯೆ ಕೊಡುವ ‘ಆರ್ಕಿಡ್’ ವ್ಯವಸ್ಥೆ 2012ರಿಂದ ಇದೆ. ಎಂ.ಎಡ್. ಮುಗಿಸಿ ಸಂಶೋಧನೆಗೆ ಹೋಗುವವರು ಮೊದಲ ಲೇಖನಕ್ಕೂ ಮುಂಚೆ ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ಪಾಠ ದಾಖಲೆಯ ‘ಆಕರ’ ಅಂಕಣವನ್ನು ಎರಡಾಗಿ ಸೀಳಿದ್ದೇವೆ: ‘ನಾನೇ ನೋಡಿದ್ದು’ ಮತ್ತು ‘ಇಂಥಲ್ಲಿ ಉಲ್ಲೇಖಿಸಿರುವುದನ್ನು ನೋಡಿದ್ದು’. ಎರಡನೆಯದಕ್ಕೂ ಪೂರ್ತಿ ಅಂಕವಿದೆ. ಪಠ್ಯಪುಸ್ತಕದಿಂದ ತಿಳಿದದ್ದನ್ನು ಪಠ್ಯಪುಸ್ತಕದಿಂದ ಎಂದೇ ಬರೆಯಲು ನಾಚಿಕೆಪಡಬೇಕಾಗಿಲ್ಲ. ಬೋಧನಾಭ್ಯಾಸದ ಅವಸರದಲ್ಲಿ ಪ್ರತಿ ಪಾಠಕ್ಕೂ ಮೂಲ ಸಂಪುಟ ತೆರೆಯಿರಿ ಎಂದು ಕೇಳುವುದು ನ್ಯಾಯವಲ್ಲ. ಮೊದಲ ಅಂಕಣ ತುಂಬಿಸಿದವರಿಗೆ ಪುಟ ತೆರೆದು ತೋರಿಸಿ ಎಂದು ಕೇಳುವುದು ಮಾತ್ರ ವಾಡಿಕೆ. ಆ ಹಳೆಯ ಜೆರಾಕ್ಸ್ ಹಾಳೆಯನ್ನು ತಪ್ಪು ತಿದ್ದಿ, ದಿನಾಂಕ ಹಾಕಿ, ವಿಭಾಗದ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ.

ಈ ವರ್ಷ ಒಂಬತ್ತು ಮಂದಿ ಕದಂಬರ ಪಾಠ ತೆಗೆದುಕೊಂಡಿದ್ದಾರೆ. ಏಳರಲ್ಲಿ ಸಂಪುಟ 7 ಇದೆ. ಎರಡರಲ್ಲಿ ಈಗಲೂ 8. ನಾಳೆ ಅವರಿಬ್ಬರನ್ನು ಕರೆದು, ಯಾರ ರೆಕಾರ್ಡು ನೋಡಿದಿರಿ ಎಂದು ವಿಚಾರಿಸಬೇಕು.