ಬೀಪ್ ಬಂದ್ರೆ ಸಾಲದು: ಹಳೇ ಕಾರಿನ ವೈರಿಂಗ್, ರಿಲೇ ಮತ್ತು ಮಲ್ಟಿಮೀಟರ್

ಹಳೇ ಕಾರಿನ ಹೆಡ್‌ಲೈಟ್ ಮಂಕಾಗಿದೆ ಅಂದ ಕೂಡಲೇ "ಬಲ್ಬ್ ಚೇಂಜ್ ಮಾಡ್ಸಿ" ಅಂತಾರೆ. ಹೊಸ ಬಲ್ಬೂ ಮಂಕಾಗೇ ಉರಿದರೆ ಮುಂದಿನ ಅನುಮಾನ ಬ್ಯಾಟರಿ ಮೇಲೆ, ಆಮೇಲೆ ರಿಲೇ ಮೇಲೆ. ಒಂದೊಂದೇ ಭಾಗ ಹೊಸದಾಗುತ್ತಾ ಹೋಗುತ್ತದೆ, ಬೆಳಕು ಮಾತ್ರ ಹಾಗೇ ಇರುತ್ತದೆ. ರಾತ್ರಿ ಘಾಟಿ ಇಳಿಯುವವರಿಗೆ ಇದು ತಮಾಷೆಯ ವಿಷಯವಲ್ಲ. ನಮ್ಮ ಹತ್ತಿರ ಮಲ್ಟಿಮೀಟರ್ ಇದೆ, ಓಮ್‌ನ ನಿಯಮ ಗೊತ್ತಿದೆ, ಹಾಗಾಗಿ ಊಹೆ ಮಾಡಬೇಕಾಗಿಲ್ಲ. ಆದರೆ ಲ್ಯಾಬಿನಲ್ಲಿ ಅಭ್ಯಾಸವಾಗಿರುವ ಹಾಗೆಯೇ ಅಳೆಯಲು ಹೋದರೆ ಮೀಟರ್ ನಮಗೇ ಟೋಪಿ ಹಾಕುತ್ತದೆ.

ಟೋಪಿ ಹಾಕುವುದು ಆ ಬೀಪ್ ಶಬ್ದ. ಒಂದು ವೈರಿನೊಳಗೆ ಇಪ್ಪತ್ತು ಎಳೆ ತಾಮ್ರ ಇದೆ, ಹದಿನೆಂಟು ತುಂಡಾಗಿವೆ ಅಂದುಕೊಳ್ಳಿ. ಕಂಟಿನ್ಯೂಟಿ ನೋಡುವಾಗ ಮೀಟರ್ ಹರಿಸುವುದು ಒಂದು ಮಿಲಿಆಂಪ್ ಆಸುಪಾಸಿನ ಕರೆಂಟ್. ಅಷ್ಟಕ್ಕೆ ಉಳಿದ ಎರಡು ಎಳೆ ಧಾರಾಳವಾಯ್ತು, ಬೀಪ್ ಬರುತ್ತದೆ. ಬಲ್ಬ್ ತೆಗೆದು ಸಾಕೆಟ್‌ನಲ್ಲಿ ವೋಲ್ಟೇಜ್ ನೋಡಿದರೂ 12 ತೋರಿಸುತ್ತದೆ. ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್, ಕರೆಂಟೇ ಹರಿಯದ ಮೇಲೆ ವೋಲ್ಟೇಜ್ ಬೀಳುವುದಾದರೂ ಎಲ್ಲಿಂದ?

ಎಚ್4 ಹ್ಯಾಲೊಜನ್ ಬಲ್ಬಿನ ಡಿಮ್ ಫಿಲಮೆಂಟ್ 55 ವ್ಯಾಟ್. ಎರಡು ಸೇರಿ 110 ವ್ಯಾಟ್, 12 ವೋಲ್ಟಿಗೆ ಸುಮಾರು 9 ಆಂಪ್. ದಾರಿಯಲ್ಲಿ ಎಲ್ಲೋ ಬರೀ 0.2 ಓಮ್ ರೋಧ ಸೇರಿಕೊಂಡರೆ ಒಂದೂವರೆ ವೋಲ್ಟ್ ಅಲ್ಲೇ ಹೋಯಿತು. ಬಲ್ಬಿಗೆ ಸಿಗುವುದು 10.5ರ ಆಸುಪಾಸು. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಲೆಕ್ಕ ಹಾಕಿ ನೋಡಿ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ಮಾಯ. ಈ 0.2 ಓಮನ್ನು ಓಮ್ ರೇಂಜಿನಲ್ಲಿ ಹುಡುಕೋಣ ಅಂದ್ರೆ ಆಗಲ್ಲ, ಮೀಟರಿನ ಎರಡು ಪ್ರೋಬ್ ವೈರುಗಳ ರೋಧವೇ ಅಷ್ಟಿರುತ್ತದೆ.

ಅದಕ್ಕೇ ಲೋಡ್ ಇಟ್ಟುಕೊಂಡೇ ಅಳೆಯಬೇಕು. ಬಲ್ಬ್ ಸಾಕೆಟ್ಟಿನಲ್ಲೇ ಇರಲಿ, ಲೈಟ್ ಆನ್ ಇರಲಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕೆಂಪು ಪ್ರೋಬನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಪ್ರೋಬನ್ನು ಬಲ್ಬಿನ ಪ್ಲಸ್ ಪಿನ್ನಿಗೆ ಹಿಂದಿನಿಂದ ತಾಗಿಸಿ. ಒಂದೇ ವೈರಿನ ಎರಡು ತುದಿ, ಸೊನ್ನೆ ಬರಬೇಕು ಅನ್ನಿಸಬಹುದು. ಆದರೆ ಅಲ್ಲಿ ಕಾಣುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನೊಳಗಿದ್ದರೆ ಪರವಾಗಿಲ್ಲ. ಒಂದೂವರೆ ಇದ್ದರೆ ಕಳ್ಳ ಈ ದಾರಿಯಲ್ಲೇ ಇದ್ದಾನೆ. ಕೆಂಪು ಪ್ರೋಬ್ ಹಾಗೇ ಇರಲಿ, ಕಪ್ಪನ್ನು ದಾರಿಯ ನಡುವಿಗೆ, ಅಂದ್ರೆ ಸ್ವಿಚ್ಚಿನ ಔಟ್‌ಪುಟ್‌ಗೆ ತನ್ನಿ. ನಷ್ಟ ಇನ್ನೂ ಕಾಣುತ್ತಿದ್ದರೆ ದೋಷ ಬ್ಯಾಟರಿ ಕಡೆ ಇದೆ, ಇಲ್ಲದಿದ್ದರೆ ಬಲ್ಬಿನ ಕಡೆ. ಮತ್ತೆ ಅರ್ಧ ಮಾಡಿ. ಸಿಎಸ್ ಬ್ರಾಂಚಿನವರಿಗೆ ಇದು ಬೈನರಿ ಸರ್ಚ್ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅರ್ಥಿಂಗ್ ಕಡೆಯನ್ನು ತುಂಬಾ ಜನ ನೋಡುವುದೇ ಇಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅದನ್ನೇ. ಕಾರಿನಲ್ಲಿ ಮೈನಸ್ ವೈರ್ ಅಂದರೆ ಬಾಡಿಯೇ, ಒಂದು ಬೋಲ್ಟಿನಡಿ ಕಚ್ಚಿಸಿದ ರಿಂಗ್ ಟರ್ಮಿನಲ್ಲೇ ಅದರ ಕೊಂಡಿ. ಇಪ್ಪತ್ತು ಮಳೆಗಾಲ ಕಂಡ ಆ ಬೋಲ್ಟಿನ ಸುತ್ತ ತುಕ್ಕು, ಟರ್ಮಿನಲ್ಲಿನ ಮೇಲೆ ಹಸಿರು ಕಿಲುಬು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಂತೂ ಕೇಳೋದೇ ಬೇಡ. ಲೈಟ್ ಆನ್ ಇಟ್ಟು ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿಯ ಮೈನಸ್ಸಿಗೂ ಮಧ್ಯೆ ಅಳೆಯಿರಿ. 0.2 ವೋಲ್ಟಿಗಿಂತ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಲೋಹ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಬಳಿಯಿರಿ. ಇಂಡಿಕೇಟರ್ ಹಾಕಿದಾಗ ಪಕ್ಕದ ಇನ್ಯಾವುದೋ ಲೈಟ್ ಮಿಣುಕಿದರೆ ಅದು ಭೂತಚೇಷ್ಟೆ ಅಲ್ಲ. ತನ್ನ ಅರ್ಥಿಂಗ್ ಸಿಗದ ಕರೆಂಟ್ ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ದಾರಿ ಹುಡುಕಿಕೊಂಡಿದೆ, ಅಷ್ಟೇ.

ಈಗ ರಿಲೇ. ಕೆಳಗೆ ಕಾಣುವ ನಂಬರುಗಳು ಜರ್ಮನಿಯ ಡಿಐಎನ್ 72552 ಮಾನಕದವು. 85 ಮತ್ತು 86 ಕಾಯಿಲ್, 30 ಬ್ಯಾಟರಿಯಿಂದ ಬರುವ ಪ್ಲಸ್, 87 ಲೋಡಿಗೆ ಹೋಗುವುದು. ಐದು ಪಿನ್ನಿನದಾದರೆ 87ಎ ಕೂಡ ಇರುತ್ತದೆ, ಕಾಯಿಲ್ ಆಫ್ ಇದ್ದಾಗ 30ಕ್ಕೆ ಅಂಟಿಕೊಂಡಿರುವುದು ಅದು. ಕಾಯಿಲ್ ರೋಧ ಸಾಮಾನ್ಯವಾಗಿ 80 ಓಮ್ ಆಸುಪಾಸು. ಟಕ್ ಅಂತ ಶಬ್ದ ಬಂದರೆ ಕಾಯಿಲ್ ಚೆನ್ನಾಗಿದೆ ಅಂತಷ್ಟೇ ಅರ್ಥ, ಕಾಂಟ್ಯಾಕ್ಟ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಾಂಟ್ಯಾಕ್ಟ್ ಸುಟ್ಟು 0.1 ಓಮ್ ಆಗಿದ್ದರೆ 9 ಆಂಪಿಗೆ 8 ವ್ಯಾಟ್ ಶಾಖ, ಅದೂ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿಯೊಳಗೆ. ಲೋಡ್ ಇರುವಾಗಲೇ 30 ಮತ್ತು 87ರ ಮಧ್ಯೆ ವೋಲ್ಟೇಜ್ ನೋಡಿ, ಆಮೇಲೆ ರಿಲೇ ಬದಲಿಸಬೇಕೋ ಬೇಡವೋ ತೀರ್ಮಾನಿಸಿ. ಪಕ್ಕದ ಸಾಕೆಟ್ಟಿನ ರಿಲೇ ಕಿತ್ತು ಹಾಕಿ ನೋಡುವ ಮೊದಲು ಮೈಮೇಲಿನ ಚಿತ್ರ ಓದಿ. ನೋಡಲು ಒಂದೇ ಥರ ಇದ್ದರೂ ಕೆಲವು ರಿಲೇಗಳಲ್ಲಿ 30 ಮತ್ತು 86ರ ಜಾಗ ಅದಲುಬದಲಾಗಿರುತ್ತದೆ.

ಅನೇಕ ಹಳೇ ಕಾರುಗಳಲ್ಲಿ ಹೆಡ್‌ಲೈಟಿಗೆ ರಿಲೇನೇ ಇರಲಿಲ್ಲ. ಅಷ್ಟೂ ಕರೆಂಟ್ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹಾದು ಬರುತ್ತದೆ, ಸ್ವಿಚ್ ಒಳಗೊಳಗೇ ಸುಡುತ್ತದೆ. ಹೈ, ಡಿಮ್ ಎರಡಕ್ಕೂ ಒಂದೊಂದು ರಿಲೇ ಸೇರಿಸಿದರೆ ಸ್ವಿಚ್ಚಿಗೆ ಉಳಿಯುವ ಕೆಲಸ ಕಾಯಿಲ್‌ಗಳಿಗೆ ಬೇಕಾದ 150 ಮಿಲಿಆಂಪ್ ಅಷ್ಟೇ. ಬ್ಯಾಟರಿಯಿಂದ ಹೊಸದಾಗಿ 2.5 ಚದರ ಮಿಲಿಮೀಟರ್ ವೈರ್ ಎಳೆಯಿರಿ, 15 ಆಂಪ್ ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಹಾಕಿ. ಫ್ಯೂಸ್ ಇರುವುದು ಬಲ್ಬ್ ಕಾಯಲಿಕ್ಕಲ್ಲ, ವೈರ್ ಕಾಯಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ತಡೆಯುವವರು ಯಾರೂ ಇಲ್ಲ. ಫ್ಯೂಸ್ ಪದೇಪದೇ ಹೋಗ್ತಿದೆ ಅಂತ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರನ್ನು ನೀವೂ ನೋಡಿರಬಹುದು. ಆ ಕಾರಿನಲ್ಲಿ ಹತ್ತಬೇಡಿ. ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಎಲ್ಲ ಜೋಡಿಸಿದ ಮೇಲೆ ಲೈಟ್ ಹಾಕಿ, ಅದೇ ಎರಡು ಬಿಂದುಗಳ ಮಧ್ಯೆ ಇನ್ನೊಮ್ಮೆ ಅಳೆದು ಹಳೇ ಅಂಕಿಯ ಪಕ್ಕದಲ್ಲಿ ಬರೆದಿಡಿ.